ದೋಸೆ ಕಾವಲಿ ಕಟ್ಟಿಕೊಂಡ ಜೀಪು

ಶ್ರದ್ಧಾಂಜಲಿ ಸಭೆಯಲ್ಲಿ ನಗಬಾರದು ಎಂಬುದು ನನಗೂ ಗೊತ್ತು. ಹೋದ ತಿಂಗಳು ನಾಸಿಕ್‌ನ ನಮ್ಮ ಕನ್ನಡ ಮಂದಿಯೆಲ್ಲ ಸೇರಿ ಹೋಟೆಲಿನ ಅಕ್ಕನ ಫೋಟೋಗೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಮುಖ ಬಿಗಿದುಕೊಂಡು ಕುಳಿತಿದ್ದೆವು. ಮೊದಲು ಎದ್ದು ನಿಂತವರು ಬೀದರ್ ಕಡೆಯ ಕಿರಾಣಿ ಅಂಗಡಿಯ ಹಿರಿಯರು. "ಅಕ್ಕಾವ್ರು ಒಮ್ಮಿ ನನ್ನ ಸ್ಕೂಟರ್ ರಿಪೇರಿ ಮಾಡಿದ್ರು" ಎಂದು ಶುರು ಮಾಡಿ, "ಅದಾದ ಮ್ಯಾಲೆ ಆ ಸ್ಕೂಟರ್..." ಎನ್ನುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಗೆ ಸಭೆ ಕೈಬಿಟ್ಟು ಹೋಯಿತು. ಆಮೇಲೆ ಮಾತಾಡಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಲೇ ಮಾತಾಡಿದರು, ಆದರೆ ಅದು ಯಾವ ನೀರು ಎಂದು ಹೇಳುವುದು ಕಷ್ಟವಿತ್ತು. ನನ್ನ ಸರದಿ ಬಂದಾಗ ನನಗೆ ಎರಡು ವಾಕ್ಯ ಕೂಡ ಮುಗಿಸಲಾಗಲಿಲ್ಲ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಅಕ್ಕನಿಗೆ ಹೆಸರಿತ್ತು, ಆದರೆ ಅದನ್ನು ಬಳಸಿದವರು ಯಾರೂ ಇಲ್ಲ. ಕುಂದಾಪುರದ ಕಡೆಯವರು. ಗಂಡನ ಜೊತೆ ನಾಸಿಕ್‌ಗೆ ಬಂದು, ತ್ರ್ಯಂಬಕಕ್ಕೆ ಹೋಗುವ ರಸ್ತೆಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ತೆರೆದು, ಗಂಡ ತೀರಿಕೊಂಡ ಮೇಲೂ ಅದನ್ನು ಒಬ್ಬರೇ ನಡೆಸಿದವರು. ಗಲ್ಲಾದ ಮೇಲೆ ಕುಳಿತರೆ ಕನ್ನಡಕ ಹಣೆಯ ಮೇಲೆ, ಕೈಯಲ್ಲಿ ಗಂಡಸರ ದೊಡ್ಡ ಗಡಿಯಾರ, ಸೀರೆಯ ಕೆಳಗೆ ಕ್ಯಾನ್ವಾಸ್ ಶೂಸು. ಮರಾಠಿ ಗಿರಾಕಿಗಳು "ಅಕ್ಕಾ" ಎಂಬುದೇ ಅವರ ಹೆಸರೆಂದು ತಿಳಿದು "ಅಕ್ಕಾಬಾಯಿ" ಮಾಡಿಬಿಟ್ಟಿದ್ದರು. ಅವರೂ ತಿದ್ದಲು ಹೋಗಿರಲಿಲ್ಲ.

ಹೋಟೆಲಿನ ಮುಂದೆ ಯಾವುದೇ ಗಾಡಿ ಕೆಮ್ಮಿದರೂ ಸಾಕು, ಅಕ್ಕ ಗಲ್ಲಾ ಬಿಟ್ಟು ಸೌಟಿನ ಸಮೇತ ಹೊರಗೆ. ಸೌಟಿನಿಂದ ಬಾನೆಟ್ಟನ್ನು ಎರಡು ಸಲ ಕುಟ್ಟಿ, ಕಿವಿಗೊಟ್ಟು, ತೀರ್ಪು ಕೊಡುತ್ತಿದ್ದರು. ಅದಕ್ಕೊಂದು ಸಿದ್ಧಾಂತವಿತ್ತು. "ಗಾಡಿಗೂ ನಮಗೂ ಎಂತ ವ್ಯತ್ಯಾಸ ಮಾರಾಯಾ? ತಿನ್ನಬೇಕು, ಉಸಿರು ಎಳೀಬೇಕು, ಹೊರಗೆ ಹಾಕಬೇಕು. ಮೂರರಲ್ಲಿ ಒಂದು ಕೆಟ್ಟರೆ ಮನುಷ್ಯನೂ ಏರು ಹತ್ತುವುದಿಲ್ಲ, ಗಾಡಿಯೂ ಹತ್ತುವುದಿಲ್ಲ." ಸಿದ್ಧಾಂತ ಸರಿಯಾಗಿಯೇ ಇತ್ತು. ತೀರ್ಪು ಅರ್ಧದಷ್ಟು ಸಲ ತಪ್ಪುತ್ತಿತ್ತು. ಒಮ್ಮೆ ಯಾತ್ರಿಕರ ಬಸ್ಸೊಂದು ಹೋಟೆಲೆದುರು ನಿಂತುಹೋದಾಗ "ಇದಕ್ಕೆ ಗ್ಯಾಸು ತುಂಬಿದೆ" ಎಂದು ಘೋಷಿಸಿ, ಡ್ರೈವರನಿಂದ ಅರ್ಧ ಎಂಜಿನ್ ಬಿಚ್ಚಿಸಿದ್ದರು. ಕೊನೆಗೆ ನೋಡಿದರೆ ಟ್ಯಾಂಕಿನಲ್ಲಿ ಡೀಸೆಲ್ಲೇ ಇರಲಿಲ್ಲ. ಅಕ್ಕ ಒಂದು ಕ್ಷಣವೂ ಪೆಚ್ಚಾಗದೆ "ಹಸಿದ ಹೊಟ್ಟೆಯಲ್ಲಿ ಗ್ಯಾಸು ತುಂಬದೆ ಇನ್ನೇನು?" ಎಂದು ಹೇಳಿ, ಇಡೀ ಬಸ್ಸಿಗೆ ಉಪ್ಪಿಟ್ಟು ಕೊಟ್ಟು ಒಳಗೆ ಹೋದರು. ತಪ್ಪಾಯಿತು ಎಂಬ ಪದ ಅವರ ಕನ್ನಡದಲ್ಲಿ ಇರಲೇ ಇಲ್ಲ.

ಇನ್ನು ಅವರ ಜೀಪು. ಹರಾಜಿನಲ್ಲಿ ಕೊಂಡ ಹಳೆಯ ಡೀಸೆಲ್ ಜೀಪು ಅದು. ಅದರಲ್ಲಿ ಹೊಲಗಳಿಗೇ ಇಳಿದು, ರೈತರಿಂದ ನೇರವಾಗಿ ಈರುಳ್ಳಿ, ಟೊಮೆಟೊ ತುಂಬಿಕೊಂಡು ಬರುತ್ತಿದ್ದರು. ಕಲ್ಲು ತಾಗಿ ಎಂಜಿನ್ ಕೆಡಬಾರದೆಂದು ಜೀಪುಗಳ ಹೊಟ್ಟೆಗೆ ಕಬ್ಬಿಣದ ತಗಡು ಕಟ್ಟಿಸುವುದುಂಟಲ್ಲ, ಅಕ್ಕ ಅದಕ್ಕೆ ಕಟ್ಟಿಸಿದ್ದು ತಮ್ಮ ಹೋಟೆಲಿನ ಮೊಟ್ಟಮೊದಲ ದೋಸೆ ಕಾವಲಿಯನ್ನು! ಒಲೆಯಿಂದ ನಿವೃತ್ತವಾದ ಆ ದಪ್ಪ ಕಾವಲಿಗೆ ತೂತು ಕೊರೆಸಿ ಬೋಲ್ಟು ಹಾಕಿಸಿದ್ದರು. "ಲಕ್ಷ ದೋಸೆ ಹೊತ್ತದ್ದು ಅದು. ಕಲ್ಲು ಯಾವ ಲೆಕ್ಕ?" ಎನ್ನುತ್ತಿದ್ದರು. ಹೊಸಬರು ಸಿಕ್ಕಿದರೆ ಜೀಪಿನಡಿ ಬಗ್ಗಿಸಿ ತೋರಿಸುತ್ತಿದ್ದರು. ನಾನೂ ಬಗ್ಗಿ ನೋಡಿದ್ದೇನೆ, ಬಗ್ಗದೆ ಇದ್ದರೆ ದೋಸೆ ಬರುತ್ತಿರಲಿಲ್ಲ.

ನಾನು ಭಾಲ್ಕಿಯವನು. ಸಿನ್ನರ್‌ನ ಒಂದು ಕಾರ್ಖಾನೆಯಲ್ಲಿ ಮಾಲು ಕಳಿಸುವ ವಿಭಾಗದಲ್ಲಿ ಕೆಲಸ, ನಾಸಿಕ್‌ನಲ್ಲಿ ಬಾಡಿಗೆ ಕೋಣೆ, ಊಟ ಅಕ್ಕನ ಹೋಟೆಲಿನಲ್ಲಿ. "ಹೆಂಗದೀರಿ ಅಕ್ಕಾ?" ಎಂದರೆ "ನಿಮ್ಮದು ಕನ್ನಡವಾ ಜಗಳವಾ?" ಎಂದು ಅವರು. "ನಿಮ್ದು ಮಾತೇನ್ರೀ, ಹಾಡೇನ್ರೀ?" ಎಂದು ನಾನು. ಹೀಗೆ ಬೈದಾಡಿಕೊಂಡು ನಾವು ಆತ್ಮೀಯರಾದೆವು. ನನ್ನ ಕಾರ್ಖಾನೆಯಲ್ಲೇ ಕೆಲಸ ಮಾಡುವ ಪೈಠಣದ ಹುಡುಗಿಯನ್ನು ನಾನು ಮೆಚ್ಚಿದ್ದೇನೆ ಎಂಬುದು ನನ್ನ ತಾಯಿಗಿಂತ ಮೊದಲು ಅಕ್ಕನಿಗೆ ಗೊತ್ತಾಯಿತು. ಆ ಹುಡುಗಿಗೆ ನಾನು ನನ್ನ ಬಗ್ಗೆ ಹೇಳಿದ್ದಕ್ಕಿಂತ ಅಕ್ಕನ ಬಗ್ಗೆ ಹೇಳಿದ್ದೇ ಹೆಚ್ಚು. ನನ್ನ ಬಗ್ಗೆ ಹೇಳಲಿಕ್ಕೆ ಅಷ್ಟೇನೂ ಇರಲಿಲ್ಲ ಕೂಡ.

ಹುಡುಗಿಯ ತಂದೆ ಪೈಠಣಿ ಸೀರೆ ನೇಯುವವರು. ಬೇರೆ ಭಾಷೆಯ, ಬೇರೆ ಸೀಮೆಯ ಅಳಿಯ ಅವರಿಗೆ ಮನಸ್ಸಿಗೆ ಒಗ್ಗಿರಲಿಲ್ಲ. ಮಗಳ ಹಟಕ್ಕೆ ಮಣಿದು ನಿಶ್ಚಿತಾರ್ಥಕ್ಕೆ ಒಪ್ಪಿದ್ದರು, ಆದರೆ ಒಂದು ಮಾತು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು: "ಮುಹೂರ್ತದೊಳಗೆ ಹುಡುಗ ಬಂದು ನಿಂತರೆ ದೇವರು ಹೂಂ ಅಂದ ಹಾಗೆ. ತಪ್ಪಿದರೆ ಉಹೂಂ ಅಂದ ಹಾಗೆ. ಎರಡನೆಯ ಸಲ ನನ್ನನ್ನು ಕೇಳಬಾರದು." ಮುಹೂರ್ತ ಮಧ್ಯಾಹ್ನಕ್ಕೆ. ಅಪ್ಪ ಅವ್ವ ಭಾಲ್ಕಿಯಿಂದ ನೇರ ಪೈಠಣಕ್ಕೆ ಹೊರಟರು. ನಾನು ಬಸ್ಸಿಗೆ ಹೋಗುತ್ತೇನೆ ಎಂದೆ. ಅಕ್ಕ ಸಿಡಿದೆದ್ದರು.

"ಮದುಮಗ ಬಸ್ಸಿನಲ್ಲಿ ಹೋಗುವುದಾ? ನಾನು ಕರಕೊಂಡು ಹೋಗುತ್ತೇನೆ. ಅವರ ಮನೆಯಲ್ಲಿ ಇಡ್ಲಿ ನನ್ನದು."

ಹೀಗೆ ನಸುಕಿನಲ್ಲಿ ನಾವು ಮೂವರು ಹೊರಟೆವು. ಮುಂದೆ ಅಕ್ಕ ಮತ್ತು ಹೊಸ ಅಂಗಿ ತೊಟ್ಟ ನಾನು. ಹಿಂದೆ ಹೋಟೆಲಿನ ಅಡುಗೆ ಭಟ್ಟರು, ಇಡ್ಲಿ ಹಿಟ್ಟಿನ ದೊಡ್ಡ ಡಬ್ಬವನ್ನು ಎರಡೂ ಕಾಲುಗಳ ನಡುವೆ ಹಿಡಿದುಕೊಂಡು. ಭಟ್ಟರು ಲೋಕದಲ್ಲಿ ಒಳ್ಳೆಯದಾಗುತ್ತದೆ ಎಂದು ಎಂದೂ ನಂಬಿದವರಲ್ಲ. ಯೇವಲಾ, ವೈಜಾಪುರ ದಾಟಿ ಗಂಗಾಪುರದಲ್ಲಿ ಚಹಾ ಕುಡಿಯುವಾಗ ಸಮಯ ಧಾರಾಳವಾಗಿತ್ತು. ಆಗಲೇ ಭಟ್ಟರು "ಏನೋ ಆಗುತ್ತದೆ" ಎಂದಿದ್ದರು.

ಗಂಗಾಪುರ ದಾಟಿದ ಮೇಲೆ ರಸ್ತೆ ರಿಪೇರಿ, ಟ್ರಕ್ಕುಗಳ ಸಾಲು. ಅಕ್ಕ ಇಂಥದೊಂದು ನೆಪಕ್ಕೇ ಕಾದಿದ್ದವರು. ಸ್ಟಿಯರಿಂಗ್ ತಿರುಗಿಸಿ ಜೀಪನ್ನು ಹೊಲಕ್ಕೆ ಇಳಿಸಿಯೇಬಿಟ್ಟರು. ಜಾಯಕವಾಡಿ ಅಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿದಾಗ ಬಯಲಾಗುವ ನೆಲದಲ್ಲಿ ರೈತರು ಕಲ್ಲಂಗಡಿ, ಸೌತೆ ಬೆಳೆಯುತ್ತಾರೆ. ಅದರ ಅಂಚಿಗೆ ಎತ್ತಿನ ಗಾಡಿಗಳ ದಾರಿ. "ಹೀಗೇ ಹೋದರೆ ಸೀದಾ ಪೈಠಣ" ಎಂದರು. ಜೀಪು ಕುಣಿಯಿತು, ನಾವು ಕುಣಿದೆವು, ಡಬ್ಬ ಕುಣಿಯಿತು. ಅಕ್ಕ ಯಾವುದೋ ಸೋಬಾನೆ ಹಾಡತೊಡಗಿದರು. ನನಗೂ ಖುಷಿ ತಡೆಯಲಾಗಲಿಲ್ಲ. ಮದುವೆ ಗೊತ್ತಾಗುವ ದಿನ, ಬಲಗಡೆ ನೀರು, ತಲೆಯ ಮೇಲೆ ಬಿಸಿಲು, ಇನ್ನೇನು ಬೇಕು? ಒಂದು ಒಣ ಹಳ್ಳಕ್ಕೆ ಇಳಿದಾಗ ಕೆಳಗಿನಿಂದ "ಢಣ್!" ಎಂದು ದೇವಸ್ಥಾನದ ಗಂಟೆಯಂಥ ಸದ್ದಾಯಿತು.

"ಕೇಳಿದೆಯಾ? ಕಾವಲಿ! ಬೇರೆ ಗಾಡಿಯಾಗಿದ್ದರೆ ಹೊಟ್ಟೆ ಹರಿದುಹೋಗುತ್ತಿತ್ತು" ಎಂದು ಅಕ್ಕ ಹೆಮ್ಮೆಯಿಂದ ಸ್ಟಿಯರಿಂಗ್ ತಟ್ಟಿದರು.

ಹಳ್ಳದ ಆಚೆಯ ದಂಡೆ ಹತ್ತಬೇಕಿತ್ತು. ಜೀಪು ಹತ್ತಲಿಲ್ಲ. ನಿಂತಲ್ಲಿ ಎಂಜಿನ್ ಚೆನ್ನಾಗಿಯೇ ನಡೆಯುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಮಾತ್ರ ಊಂ ಎಂದು ಮುಲುಗಿ, ಮೇಲೇಳಲಾರದೆ ಕುಗ್ಗುತ್ತಿತ್ತು. ಮೊದಲ ಗೇರಿನಲ್ಲಿ ಹೇಗೋ ತೆವಳಿಕೊಂಡು ದಂಡೆ ಏರಿದೆವು. ಸಪಾಟು ನೆಲದಲ್ಲೂ ಅದೇ ತೆವಳು. ತಲೆಯ ಮೇಲೆ ಮೇವಿನ ಹೊರೆ ಹೊತ್ತ ಒಬ್ಬ ಅಜ್ಜಿ ನಮ್ಮನ್ನು ಹಿಂದೆ ಹಾಕಿದಳು. ಹಿಂದೆ ಹಾಕುವಾಗ ತಿರುಗಿ "ಪೈಠಣಕ್ಕಾ? ಇವತ್ತೇ ಹೋಗಬೇಕಾ?" ಎಂದು ಮರಾಠಿಯಲ್ಲಿ ವಿಚಾರಿಸಿಕೊಂಡಳು. ಫೋನು ತೆಗೆದರೆ ನೆಟ್‌ವರ್ಕ್ ಇಲ್ಲ. ಅಕ್ಕ ಒಂದು ಬೇವಿನ ಮರದಡಿ ಜೀಪು ನಿಲ್ಲಿಸಿದರು.

"ಹೆದರಬೇಡ ಮಾರಾಯಾ. ಮೂರೇ ಉಂಟು. ತಿನ್ನುವುದು ಮೊದಲು ನೋಡುವ."

ಡೀಸೆಲ್ ಫಿಲ್ಟರ್ ಸಡಿಲಿಸಿ ನೋಡಿದರು. ಡೀಸೆಲ್ ಚಿಮ್ಮಿ ನನ್ನ ಹೊಸ ಅಂಗಿಯ ಮೇಲೆ ಬಿತ್ತು. "ಊಟ ಸರಿ ಉಂಟು" ಎಂದರು. ಆಮೇಲೆ ಉಸಿರು ಎಳೆಯುವುದು: ಗಾಳಿಯ ಫಿಲ್ಟರ್ ತೆಗೆದು ಬೇವಿನ ಮರಕ್ಕೆ ಬಡಿದರು, ಅದಿಲ್ಲದೆಯೇ ಎಂಜಿನ್ ಓಡಿಸಿ ನೋಡಿದರು. ಅದೇ ಮುಲುಗು. ಹಿಂದಿನಿಂದ ಭಟ್ಟರು ಎರಡೂ ಕಾಲು ಮೇಲೆತ್ತಿಕೊಂಡು "ಅಕ್ಕಾ, ಅಡಿಯ ತಗಡು ಸುಡ್ತದೆ. ಹಿಟ್ಟು ಬೇರೆ ಉಕ್ತಾ ಉಂಟು" ಎಂದರು. ಡಬ್ಬದ ಮುಚ್ಚಳ ಟೋಪಿಯ ಹಾಗೆ ಮೇಲೆದ್ದಿತ್ತು. ಅದರ ಮೇಲೆ ಭಟ್ಟರು ಕುಳಿತುಬಿಟ್ಟರು.

ಆಗ ನನಗೆ ಒಂದು ಮಾತು ಹೊಳೆಯಿತು. ಭಟ್ಟರು ಹೇಳಿದ್ದು ನನಗೆ ಕೇಳಿಸಿತ್ತು! ಎಂಜಿನ್ ಓಡುತ್ತಿರುವಾಗ ಆ ಜೀಪಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸಿದ್ದೇ ಇಲ್ಲ.

"ಅಕ್ಕಾ, ಸಪ್ಪಳ ಕಮ್ಮಿ ಆಗ್ಯಾದ್ರಿ" ಎಂದೆ. "ಮೂರನೇದು ನೋಡ್ರೀ. ಹೊರಗ ಹಾಕೋದು. ಕೆಳಗ ಕಾವಲಿ ಬಡದದಲ್ರೀ, ಪೈಪಿಗೇನಾರ..."

"ಕಾವಲಿಯ ಸುದ್ದಿಗೆ ಬರಬೇಡ" ಎಂದರು ಅಕ್ಕ. "ಪೈಪು ಒಡೆದರೆ ಸಪ್ಪಳ ಹೆಚ್ಚಾಗಬೇಕು. ಕಮ್ಮಿ ಆಗುವುದುಂಟಾ? ಕಾವಲಿ ಇದ್ದ ಹಾಗೇ ಉಂಟು. ಕಾವಲಿಗೆ ಎಂತದೂ ಆಗುವುದಿಲ್ಲ."

ಮತ್ತೆ ಡೀಸೆಲ್ ಫಿಲ್ಟರಿಗೇ ಕೈ ಹಾಕಿದರು. ಆಮೇಲೆ ಬ್ಯಾಟರಿ ನೋಡಿದರು. ಆಮೇಲೆ ಟೈರು. ಟೈರಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬೇವಿನ ನೆರಳು ಗಿಡ್ಡವಾಗುತ್ತಿತ್ತು. ಪೈಠಣದಲ್ಲಿ ನನ್ನ ಭಾವೀ ಮಾವ ಗಡಿಯಾರ ನೋಡುತ್ತಿರುವುದು ಕಣ್ಣಿಗೆ ಕಟ್ಟಿ, ನನಗೆ ನಿಜವಾಗಿಯೂ ಅಳು ಬಂತು. "ಅಕ್ಕಾ, ನನ್ನ ಲಗ್ನಾನ ತಪ್ತದ್ರಿ. ನಿಮ್ ಕಾವಲಿ ಮರ್ಯಾದಿ ಆಮ್ಯಾಲೆ ನೋಡೂಣ್ರಿ" ಎಂದು ಕೂಗಿಯೇಬಿಟ್ಟೆ.

ಅಕ್ಕ ನನ್ನನ್ನು ನೋಡಿದರು. ಸೌಟನ್ನು ಸೀಟಿನ ಮೇಲಿಟ್ಟರು. "ಭಟ್ರೇ, ನೀವು ಬಂದು ಪೆಡಲ್ ಒತ್ತಿ" ಎಂದು ಹಿಂದೆ ಹೋಗಿ, ಹೊಗೆ ಪೈಪಿನ ಬಾಯಿಯ ಹತ್ತಿರ ಅಂಗೈ ಹಿಡಿದರು. ಭಟ್ಟರು ಒತ್ತಿದರು. ಗಾಳಿಯ ರಭಸಕ್ಕೆ ಕೈ ಹಿಂದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. "ಇನ್ನೂ ಒತ್ತಿ" ಎಂದರು. ಮಗುವಿನ ಉಸಿರಿನಷ್ಟೇ ಬರುತ್ತಿತ್ತು. ಎಂಜಿನ್ ಆರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅರವತ್ತು ದಾಟಿದ ಅಕ್ಕ ಜೀಪಿನಡಿ ಅಂಗಾತ ಮಲಗಿ ನುಸುಳಿದರು. ಕ್ಯಾನ್ವಾಸ್ ಶೂಸುಗಳಷ್ಟೇ ಹೊರಗೆ. ಬಹಳ ಹೊತ್ತು ಆ ಶೂಸುಗಳು ಅಲ್ಲಾಡಲಿಲ್ಲ.

"ಮಾರಾಯಾ" ಎಂದು ಕೆಳಗಿನಿಂದ ಸಣ್ಣ ದನಿ ಬಂತು. "ಮುಂದಿನ ಬೋಲ್ಟು ಕಿತ್ತುಹೋಗಿದೆ. ಕಾವಲಿ ಹಿಂದೆ ಸರಿದು ಪೈಪನ್ನು ಚಪಾತಿ ಮಾಡಿ ಇಟ್ಟಿದೆ. ಪಾಪ, ಇದರ ಕುತ್ತಿಗೆ ಹಿಸುಕಿದ್ದು ನನ್ನ ಕಾವಲಿಯೇ. ತಪ್ಪು ನನ್ನದು."

ಆ ಪದವನ್ನು ಅವರ ಬಾಯಲ್ಲಿ ಕೇಳಿ ಭಟ್ಟರು ದೇವರಿಗೆ ಕೈಮುಗಿದರು. ನನಗೆ ಅಳುತ್ತಿದ್ದವನಿಗೇ ನಗು ಬಂತು. ಕೆಳಗಿನಿಂದ ಅಕ್ಕನೂ ನಗತೊಡಗಿದರು, ಶೂಸುಗಳು ಅಲ್ಲಾಡತೊಡಗಿದವು.

ಆಮೇಲಿನ ಅಕ್ಕನನ್ನು ನೀವು ನೋಡಬೇಕಿತ್ತು. ಚಪ್ಪಟೆಯಾದ ಪೈಪನ್ನು ಅಲ್ಲಿ ಸರಿಮಾಡುವ ಹಾಗಿರಲಿಲ್ಲ. "ಹೊಗೆಗೆ ಮುಂದೆ ದಾರಿ ಇಲ್ಲದಿದ್ದರೆ ಹಿಂದೆಯೇ ಬಾಗಿಲು ತೆಗೆಯುವ" ಎಂದರು. ಎಂಜಿನ್ನಿನಿಂದ ಇಳಿಯುವ ಪೈಪು ಸೈಲೆನ್ಸರಿನ ಪೈಪಿಗೆ ಸೇರುವಲ್ಲಿ, ಕಾವಲಿಗಿಂತ ಮೊದಲೇ, ಒಂದು ಜೋಡಣೆ ಇರುತ್ತದೆ. ಅದನ್ನು ಬಿಚ್ಚಿಬಿಟ್ಟರೆ ಹೊಗೆ ಅಲ್ಲಿಂದಲೇ ಹೊರಬೀಳುತ್ತದೆ. ನಟ್ಟುಗಳೋ ತುಕ್ಕು ಹಿಡಿದು ಕಲ್ಲಾಗಿದ್ದವು, ಮೇಲೆ ಕೆಂಡದಂಥ ಬಿಸಿ. ಅಕ್ಕ ಇಡ್ಲಿಯ ಸಾಮಾನಿನಿಂದ ತೆಂಗಿನೆಣ್ಣೆ ತರಿಸಿ ನಟ್ಟುಗಳಿಗೆ ಸುರಿದರು. ಚೊಂಯ್ ಎಂದು ಸದ್ದಾಗಿ ಹಪ್ಪಳ ಕರಿದ ವಾಸನೆ ಹರಡಿತು. ಅಡುಗೆಯ ಇಕ್ಕಳದಲ್ಲಿ ಭಟ್ಟರು ಪೈಪು ಹಿಡಿದರು, ನಾನು ಪಾನಾ ಹಾಕಿ ನಟ್ಟು ತಿರುಗಿಸಿದೆ, ಅಕ್ಕ ಇಬ್ಬರನ್ನೂ ಬೈದರು. ಕಾವಲಿಯನ್ನು ಬಿಚ್ಚಿ ಮೂವರೂ ಸೇರಿ ಜೀಪಿನ ಒಳಗೆ ಹಾಕಿದೆವು. ಜೋತುಬಿದ್ದ ಪೈಪು ಕಟ್ಟಲು ಪಕ್ಕದ ಬೇಲಿಯಿಂದ ಒಂದು ತುಂಡು ತಂತಿ ಬೇಕಾಯಿತು. ಅಕ್ಕ "ಯಾರುಂಟು?" ಎಂದು ಬಯಲಿಗೆಲ್ಲ ಕೇಳುವಂತೆ ಕೂಗಿ, ಯಾರೂ ಇಲ್ಲದ್ದರಿಂದ ತಂತಿ ತೆಗೆದುಕೊಂಡು, ಬೇಲಿಯ ಗೂಟದ ಮೇಲೆ ಒಂದು ತೆಂಗಿನಕಾಯಿ ಇಟ್ಟರು. ಹೊಗೆ ಒಳಗೆ ತುಂಬಬಾರದೆಂದು ಜೀಪಿನ ಕ್ಯಾನ್ವಾಸನ್ನೂ ಬಿಚ್ಚಿಸಿದರು.

ಕೀಲಿ ತಿರುಗಿಸಿದರು ನೋಡಿ. ಅಬ್ಬಬ್ಬಾ! ಬೇವಿನ ಮರದ ಗಿಳಿಗಳೆಲ್ಲ ಒಟ್ಟಿಗೆ ಹಾರಿದವು. ನೀರಿನಂಚಿನ ಕೊಕ್ಕರೆಗಳು ಆಚೆಯ ದಂಡೆಗೆ ಹೋದವು. ಜೀಪು ಹುಚ್ಚು ಹೋರಿಯ ಹಾಗೆ ನುಗ್ಗಿತು. ಮೇವಿನ ಹೊರೆಯ ಅಜ್ಜಿಯನ್ನು ದಾಟುವಾಗ ಅಕ್ಕ ಎದ್ದು ನಿಂತು ನಮಸ್ಕಾರ ಮಾಡಿದರು, ಪುಣ್ಯಕ್ಕೆ ಒಂದೇ ಕೈಯಲ್ಲಿ. ಊರು ಹತ್ತಿರವಾಗಿ ನೆಟ್‌ವರ್ಕ್ ಬಂದಾಗ ನಾನು ಹುಡುಗಿಗೆ ಫೋನು ಮಾಡಿ "ಬಂದ್ವಿ, ಬಂದ್ವಿ" ಎಂದು ಗಂಟಲು ಹರಿಯುವಂತೆ ಕಿರುಚಿದೆ. ಆಕೆ ಏನೋ ಹೇಳಿದಳು, ನನಗೆ ಕೇಳಲಿಲ್ಲ. ನಾನು ಹೇಳಿದ್ದು ಆಕೆಗೂ ಕೇಳಿಸಿರಲಿಕ್ಕಿಲ್ಲ. ಗಡಿಯಾರ ನೋಡಿದೆ. ಮುಹೂರ್ತ ಮುಗಿಯುತ್ತಿತ್ತು. ಊರಿನ ಗಲ್ಲಿಗಳಲ್ಲಿ ಎಮ್ಮೆ, ಕೈಗಾಡಿ, ಹಂದರ ದಾಟಿ ಅವರ ಮನೆಯೆದುರು ನಿಲ್ಲುವಷ್ಟರಲ್ಲಿ ಮುಗಿದೇ ಹೋಗಿತ್ತು.

ಅಕ್ಕ ಎಂಜಿನ್ ಆರಿಸಿದರು. ಆ ನಿಶ್ಶಬ್ದದಂಥ ನಿಶ್ಶಬ್ದವನ್ನು ನಾನು ಮತ್ತೆ ಕೇಳಿಲ್ಲ. ಬಾಗಿಲಲ್ಲಿ ಹುಡುಗಿಯ ತಂದೆ, ಅವರ ಹಿಂದೆ ಪುರೋಹಿತರು, ನನ್ನ ಅಪ್ಪ ಅವ್ವ, ಇಡೀ ಗಲ್ಲಿ. ತಂದೆ ಗಡಿಯಾರವನ್ನು ಒಮ್ಮೆ, ಡೀಸೆಲ್ ಬಳಿದ ನನ್ನ ಅಂಗಿಯನ್ನು ಒಮ್ಮೆ ನೋಡಿ, "ಮುಹೂರ್ತ ಹೋಯಿತು" ಎಂದರು.

ಮಾಳಿಗೆಯಿಂದ ಹುಡುಗಿಯ ದನಿ ಕೇಳಿತು. "ಹೋಗಿಲ್ಲ ಬಾಬಾ. ಇವರು ಆಗಲೇ ಬಂದಿದ್ದಾರೆ. ಫೋನಿನಲ್ಲಿ ಈ ಸದ್ದು ಕೇಳಿ ನಾನು ಮಾಳಿಗೆ ಹತ್ತಿದೆ. ಹೊಲದ ಕಡೆಯಿಂದಲೂ ಅದೇ ಸದ್ದು ಕೇಳುತ್ತಿತ್ತು. ಬಂದರು ಎಂದು ನಾನು ಕೂಗಿ ಹೇಳಿದಾಗ ಮುಹೂರ್ತ ಇತ್ತೋ ಇಲ್ಲವೋ, ಗುರೂಜಿಯವರನ್ನೇ ಕೇಳಿ."

ಎಲ್ಲರೂ ಪುರೋಹಿತರನ್ನು ನೋಡಿದರು. ಅವರು ಕಿವಿಯ ಮೇಲೆ ಕೈ ಆಡಿಸಿಕೊಂಡರು. "ಇತ್ತು" ಎಂದರು. "ನಾನು ಕಲಶಕ್ಕೆ ಅಕ್ಷತೆ ಹಾಕುವಾಗಲೇ ಆ ಶಬ್ದ ಮನೆಯೊಳಗೆ ಬಂದಿತ್ತು. ಶಬ್ದ ಬಂದ ಮೇಲೆ ಹುಡುಗ ಬಂದ ಹಾಗೆಯೇ. ಅಷ್ಟು ಶಬ್ದ ಬಂದರಂತೂ ಖಂಡಿತ." ಗಲ್ಲಿ ಘೊಳ್ಳೆಂದಿತು. ತಂದೆ ನಗಲಿಲ್ಲ. ಅವರು ಇನ್ನೂ ಹೂಂ ಎಂದಿರಲಿಲ್ಲ.

ಅಷ್ಟರಲ್ಲಿ ಹುಡುಗಿ ಮೆಟ್ಟಿಲಿಳಿದು ಓಡಿ ಬಂದಳು. ತಂದೆಯೇ ತಿಂಗಳುಗಟ್ಟಲೆ ಕೂತು ಅವಳಿಗಾಗಿ ನೇಯ್ದ ನವಿಲು ಬಣ್ಣದ ಪೈಠಣಿ ಉಟ್ಟಿದ್ದಳು. ನಾನು ಮುಂದೆ ಹೋಗಿ ನಿಂತೆ. ಅವಳು ನನ್ನನ್ನು ಕಂಬವನ್ನು ದಾಟುವ ಹಾಗೆ ದಾಟಿ, ಸೀದಾ ಅಕ್ಕನ ಹತ್ತಿರ ಹೋಗಿ ಕಾಲಿಗೆ ನಮಸ್ಕರಿಸಿದಳು. ಅಕ್ಕ ತಲೆಯಿಂದ ಕಾಲಿನವರೆಗೆ ಮಸಿ. ಆಶೀರ್ವಾದಕ್ಕೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಆ ಮನೆಯಲ್ಲಿ ಕೈ ತೊಳೆಯದೆ ರೇಷ್ಮೆ ಮುಟ್ಟುವ ಹಾಗಿಲ್ಲ. ಮಗ್ಗದ ಹತ್ತಿರ ಹೋದವರು ಯಾರೇ ಆದರೂ ಹುಡುಗಿಯ ತಂದೆ ಕೈ ತೊಳೆಸದೆ ಬಿಟ್ಟವರಲ್ಲ. ಅಕ್ಕನಿಗೆ ಅದು ಗೊತ್ತಿರಲಿಲ್ಲ, ಆದರೆ ಅಂಥ ಸೀರೆಯನ್ನು ಮಸಿಗೈಯಲ್ಲಿ ಮುಟ್ಟಬಾರದೆಂದು ತಿಳಿಯಲು ಯಾರೂ ಹೇಳಿಕೊಡಬೇಕಾಗಿಲ್ಲ. ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು. ಹುಡುಗಿ ಆ ಕೈಯನ್ನು ಹಿಡಿದು, ಸೆರಗು ಹೊದ್ದ ತನ್ನ ತಲೆಯ ಮೇಲೆ ತಾನೇ ಇಟ್ಟುಕೊಂಡಳು.

ಜರಿಯ ಮೇಲೆ ಐದು ಬೆರಳೂ ಮೂಡಿದವು. ಹೆಂಗಸರೆಲ್ಲ "ಅಯ್ಯೋ" ಎಂದರು. ನಾನು ಹುಡುಗಿಯ ತಂದೆಯ ಕಡೆ ನೋಡಿದೆ. ಅವರು ನಿಧಾನವಾಗಿ ಇಳಿದು ಬಂದು ಆ ಬೆರಳಚ್ಚನ್ನು ನೋಡಿದರು, ಅಕ್ಕನನ್ನು ನೋಡಿದರು.

"ಅಸೂ ದೇ" ಎಂದರು. ಇರಲಿ ಬಿಡಿ ಎಂದು. ಆಮೇಲೆ ನನ್ನ ಕಡೆ ತಿರುಗಿ, "ನೀನು ಮಾತ್ರ ಕೈ ತೊಳೆದುಕೊಂಡು ಬಾ. ಮಣೆ ಹಾಕಿದೆ" ಎಂದರು.